ಮಾಣಿಕಪ್ಪನ ಖಣಿಯಲ್ಲಿ ಸಮುದ್ರ

ನಾಮದೇವನಿಗೆ ನೌಕರಿ ಸಿಕ್ಕಿತೆಂದು ಬಂಡಮ್ಮ ಯಾಲಾಲದ ಮನೆಮನೆಗೂ ಪೇಡೆ ಹಂಚಿ ಮುಗಿಸಿದ ಮೇಲೆ, ನಾಮದೇವ ಮುಂಬಯಿಯಿಂದ ಬಂದಿಳಿದು, ನೌಕರಿ ಇನ್ನೂ ಸಿಕ್ಕಿಲ್ಲವೆಂದು ಹೇಳಿದ.

ಬಂಡಮ್ಮನದೂ ತಪ್ಪಿರಲಿಲ್ಲ. ಅವಳ ಮಗ ವಾಯುಪಡೆಯಲ್ಲಿ ಹತ್ತು ವರ್ಷ ಹೆಲಿಕಾಪ್ಟರ್ ಹಾರಿಸಿದವನು. ಹಿಮದ ಗುಡ್ಡಗಳ ಮೇಲಿನ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ, ಒಮ್ಮೊಮ್ಮೆ ಜೀವಂತ ಕುರಿಗಳನ್ನೂ ಇಳಿಸಿ ಬಂದವನು. ಸೇವೆಯ ಅವಧಿ ಮುಗಿದು ಊರಿಗೆ ಮರಳಿದ ಮೇಲೆ ತೊಗರಿ ಹೊಲದ ಬದುವಿನಲ್ಲಿ ಕೂತು ಆಕಾಶ ನೋಡುವುದೊಂದೇ ಅವನ ಕೆಲಸವಾಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳವು. ಮುಂಬಯಿಯಾಚೆ ನಡುಸಮುದ್ರದಲ್ಲಿ ಎಣ್ಣೆ ಸಿಕ್ಕಿ, ನೀರಿನ ಮೇಲೆ ಕಬ್ಬಿಣದ ಅಟ್ಟ ಕಟ್ಟಿ, ಅಲ್ಲಿ ಬಾವಿ ಕೊರೆಯುವ ಜನರನ್ನು ಹೆಲಿಕಾಪ್ಟರಿನಲ್ಲಿ ಒಯ್ದು ತರುತ್ತಿದ್ದರು. ಆ ಕೆಲಸ ಹಿಡಿದ ಒಂದು ಕಂಪನಿ ನಾಮದೇವನನ್ನು ಕರೆಸಿತ್ತು. ಅಷ್ಟು ದೂರದಿಂದ ಕರೆಸಿದವರು ಬರಿಗೈಯಲ್ಲಿ ಕಳಿಸುತ್ತಾರೆಯೇ ಎಂದು ಬಂಡಮ್ಮ ಪೇಡೆ ತರಿಸಿದ್ದಳು.

"ಮತ್ತ ಏನಂದ್ರು?" ಎಂದು ಕೇಳಿದಳು.

"ಹಾರ್ಸಾಕ ಬರ್ತದ ಅಂತ ಒಪ್ಕೊಂಡಾರವ್ವಾ. ಮುಳಗಾಕ ಬರ್ತದೇನು ಅಂತ ಕೇಳ್ಯಾರ."

ಕಂಪನಿಯ ಪೈಲಟ್‌ಗಳಿಗೆಲ್ಲ ಹಿರಿಯನಾದ ಒಬ್ಬ ಕ್ಯಾಪ್ಟನ್ ಸಾಹೇಬ ಅವನಿಗೆ ವಿಷಯವನ್ನು ಬಿಡಿಸಿ ಹೇಳಿದ್ದ. ನೆಲದ ಮೇಲೆ ಎಂಜಿನ್ ಕೆಟ್ಟರೆ ಎಲ್ಲಾದರೂ ಒಂದು ಹೊಲ ಹುಡುಕಬಹುದು. ಸಮುದ್ರದ ಮೇಲೆ ಹೊಲವಿಲ್ಲ. ನೀರಿಗೇ ಇಳಿಯಬೇಕು. ಹೆಲಿಕಾಪ್ಟರಿನ ಭಾರವೆಲ್ಲ ತಲೆಯ ಮೇಲಿರುವುದರಿಂದ ಅದು ನೀರು ಮುಟ್ಟಿದ ಕೂಡಲೇ ಮಗುಚಿಕೊಳ್ಳುತ್ತದೆ. ಆಗ ಪೈಲಟ್ ತಲೆಕೆಳಗಾಗಿ, ನೀರೊಳಗೆ, ಗಾಬರಿಯಾಗದೆ ಕೂತಿರಬೇಕು. ಅಲುಗಾಟ ನಿಂತ ಮೇಲೆ ಕಿಟಕಿ ತಳ್ಳಬೇಕು. ಎಲ್ಲಕ್ಕೂ ಕೊನೆಗೆ ಬೆಲ್ಟ್ ಬಿಚ್ಚಿ ಹೊರಗೆ ಬರಬೇಕು. ಮುಂದಿನ ತಿಂಗಳು ಮುಂಬಯಿಯ ಒಂದು ಈಜುಕೊಳದಲ್ಲಿ ಇದರ ಪರೀಕ್ಷೆ. ಅದರಲ್ಲಿ ಪಾಸಾದರೆ ನೌಕರಿ.

"ಮುಳಗಾಕೂ ಪಗಾರ ಕೊಡ್ತಾರೇನು?" ಎಂದು ಬಂಡಮ್ಮ ಬಾಗಿಲಲ್ಲೇ ಕೂತುಬಿಟ್ಟಳು.

ಒಳಗಿನಿಂದ ಹೆಂಡತಿ ಭೂದೇವಿ ಹೊರಗೆ ಬಂದಳು. "ಈಜಾಕ ಬರಲ್ಲ ಅಂತ ಹೇಳಿದ್ರೇನ್ರಿ ಅವರಿಗಿ?"

"ಅವ್ರು ಕೇಳ್ಲಿಲ್ಲ. ಪೈಲಟ್‌ಗ ಬರ್ತದ ಅಂತ ತಿಳ್ಕೊಂಡಾರ."

ಭೂದೇವಿಯ ತವರು ನಾರಾಯಣಖೇಡದ ಕಡೆಯ ಸಿರ್ಗಾಪುರ. ಅಲ್ಲಿನ ಕೆರೆಯಲ್ಲಿ ಎಮ್ಮೆಗಳ ಜೊತೆಗೆ ಈಜಿ ಬೆಳೆದವಳು. ಮದುವೆಯಾಗಿ ಯಾಲಾಲಕ್ಕೆ ಬಂದ ಮೇಲೆ ಬಿಂದಿಗೆಗಿಂತ ದೊಡ್ಡ ನೀರನ್ನು ಅವಳು ಕಂಡಿರಲಿಲ್ಲ. ಗಂಡನ ಮಾತು ಕೇಳಿ ಅವಳ ಮುಖ ಯಾಕೋ ಅರಳಿತು.

"ನೀರು ಎಲ್ಲಿ ಅದ ಹೇಳ್ರಿ. ನಾ ಕಲಸ್ತೀನಿ," ಎಂದಳು.

ನೀರು ಇದ್ದದ್ದು ಹತ್ತಿರದ ತಾಂಡೂರಿನಲ್ಲಿ, ಮಾಣಿಕಪ್ಪ ಸಾಹುಕಾರನ ಹಳೆಯ ಕಲ್ಲಿನ ಖಣಿಯಲ್ಲಿ. ಹಾಸುಗಲ್ಲು ತೆಗೆದು ತೆಗೆದು ಆಳವಾದ ಆ ಗುಂಡಿಯಲ್ಲಿ ಒರತೆ ಹುಟ್ಟಿ, ಬೇಸಿಗೆಯಲ್ಲೂ ಹಸಿರು ನೀರು ತುಂಬಿಕೊಂಡಿತ್ತು. ದಂಡೆಯ ಮೇಲೆ ಕಲ್ಲೆತ್ತುವ ಕ್ರೇನೊಂದು ಕೆಲಸವಿಲ್ಲದೆ ನಿಂತಿತ್ತು. ಮಾಣಿಕಪ್ಪ ಹಣೆಯ ತುಂಬ ವಿಭೂತಿ ಹಚ್ಚಿ, ಬೆಳಗಿನಿಂದ ಸಂಜೆಯವರೆಗೆ ಹೊಸದೇನಾದರೂ ಆದೀತೆಂದು ಕಾಯುವ ಮನುಷ್ಯ. ನಾಮದೇವ ಹೋಗಿ ಪರೀಕ್ಷೆಯ ಕತೆ ಹೇಳಿ ನೀರಿಗಿಳಿಯಲು ಅಪ್ಪಣೆ ಕೇಳಿದ್ದಷ್ಟೇ. ಮಾಣಿಕಪ್ಪ ಎದ್ದು ನಿಂತ.

"ಬರೇ ಈಜಿದ್ರ ಏನಾತು ತಮ್ಮಾ? ಹೆಲಿಕಾಪ್ಟರ್ ಬ್ಯಾಡೇನು? ಕ್ರೇನ್ ಅದ, ನೀರದ, ವೆಲ್ಡರ್ ಇದ್ದಾನ. ಮಾಡಿಬಿಡಮು."

"ಸಾಹುಕಾರ್ರ, ಅಷ್ಟೆಲ್ಲ ಯಾಕ..."

"ನೀ ಸುಮ್ಮ ಕುಂದ್ರು. ನಮ್ಮ ತಾಂಡೂರ್ ಖಣಿದಾಗ ಹೆಲಿಕಾಪ್ಟರ್ ಬೀಳ್ತದಂದ್ರ ಅದು ಸಣ್ಣ ಮಾತಲ್ಲ."

ವೆಲ್ಡರ್ ಕಬ್ಬಿಣದ ಪಟ್ಟಿಗಳಿಂದ ಒಂದು ದೊಡ್ಡ ಪಂಜರ ಮಾಡಿದ. ಹೆಲಿಕಾಪ್ಟರಿನಲ್ಲಿ ಪೈಲಟ್ ಬಲಗಡೆ ಕೂರುತ್ತಾನೆಂದು ನಾಮದೇವ ಎಷ್ಟು ಹೇಳಿದರೂ ಲಾರಿಯಲ್ಲೂ ಜೀಪಿನಲ್ಲೂ ಡ್ರೈವರ್ ಬಲಗಡೆಯೇ ಅಲ್ಲವೇ, ಇದರಲ್ಲಿ ಏನು ವಿಶೇಷ ಎಂದು ವೆಲ್ಡರನಿಗೆ ಬೇಸರವಾಯಿತು. ಪೈಲಟ್ ಆಸನಕ್ಕೆ ಒಬ್ಬ ಕ್ಷೌರಿಕನ ಕುರ್ಚಿ ತಂದರು, ತಲೆ ಆನಿಸುವ ದಿಂಬಿನ ಸಮೇತ. ಹಿಂದಿನ ಸೀಟುಗಳು ಟಾಕೀಜಿನವರು ಬಿಸಾಡಿದಂಥವು. ಬೆಲ್ಟುಗಳನ್ನು ಎತ್ತಿನ ಕೊರಳಿಗೆ ನೊಗ ಬಿಗಿಯುವ ಜತಿಗೆಯ ಪಟ್ಟಿಯಿಂದ ಹೊಲಿಸಿದರು. ಎಲ್ಲ ಮುಗಿದ ಮೇಲೆ ಮಾಣಿಕಪ್ಪ ಒಂದು ಸೀಲಿಂಗ್ ಫ್ಯಾನ್ ತಂದು ಪಂಜರದ ನೆತ್ತಿಗೆ ಬಿಗಿಸಿದ.

"ಇದು ಬ್ಯಾಡ್ರಿ ಸಾಹುಕಾರ್ರ," ಎಂದ ನಾಮದೇವ.

"ಫ್ಯಾನಿಲ್ಲಂದ್ರ ಜನ ಕೋಳಿಗೂಡು ಅಂತಾರ," ಎಂದ ಮಾಣಿಕಪ್ಪ.

ಅತ್ತ ಪಂಜರ ತಯಾರಾಗುವಷ್ಟರಲ್ಲಿ ಇತ್ತ ಭೂದೇವಿ ಸೀರೆಯ ಕಚ್ಚೆ ಹಾಕಿ, ಖಣಿಯ ಮೆಟ್ಟಿಲಿನಂಥ ಅಂಚಿನಲ್ಲಿ ಗಂಡನ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿಗಳನ್ನು ಕಟ್ಟಿ ಈಜು ಕಲಿಸಿದಳು. ಬೆಟ್ಟಗಳ ನಡುವೆ ಮೋಡದಲ್ಲಿ ಹೆಲಿಕಾಪ್ಟರ್ ಇಳಿಸಿದ ಮನುಷ್ಯ ಸೊಂಟದುದ್ದ ನೀರಿನಲ್ಲಿ ಹೆಂಡತಿಯ ಭುಜ ಬಿಡಲೊಲ್ಲ. "ಕೈ ಬಿಡ್ರಿ. ನೀರು ನಿಮ್ಮನ್ನ ತಿನ್ನಲ್ಲ," ಎಂದು ಅವಳು ಗದರಿಸುತ್ತಿದ್ದಳು. ಡಬ್ಬಿಗಳು ಒಂದೊಂದಾಗಿ ಕಳಚಿ, ಕೊನೆಗೆ ಅವನು ತಾನಾಗಿ ತೇಲಿದ ದಿನ ಅವಳೇ ಅತ್ತಳು.

ಪಂಜರವನ್ನು ಮೊದಲ ಸಲ ಇಳಿಸಿದಾಗ ಅದು ಮಗುಚಲಿಲ್ಲ. ನೆಟ್ಟಗೆ, ಮರ್ಯಾದೆಯಿಂದ ಮುಳುಗಿತು. ನೆತ್ತಿಯ ಮೇಲೆ ಹಾಸುಗಲ್ಲು ಕಟ್ಟಿದರು. ಎರಡನೆಯ ಸಲ ನೀರು ಮುಟ್ಟಿದ್ದೇ ತಡ, ಗಿರ್ರನೆ ತಲೆಕೆಳಗಾಯಿತು. ಫ್ಯಾನಿನ ರೆಕ್ಕೆಗಳು ಮುರಿದು ಎಲ್ಲೋ ಹೋದವು. ಒಳಗಿದ್ದ ನಾಮದೇವ ಕಲಿತದ್ದೆಲ್ಲ ಮರೆತು ಮೊದಲು ಬೆಲ್ಟನ್ನೇ ಬಿಚ್ಚಿ, ನೆತ್ತಿ ಬಡಿದುಕೊಂಡು, ಯಾವುದು ಕಿಟಕಿ ಯಾವುದು ಕುರ್ಚಿ ತಿಳಿಯದೆ ಒದ್ದಾಡಿದ. ಭೂದೇವಿ ಧುಮುಕಿ ಅಂಗಿಯ ಕಾಲರ್ ಹಿಡಿದು ಎಳೆದು ತಂದಳು.

ದಂಡೆಯ ಮೇಲಿದ್ದ ಬಂಡಮ್ಮ ಇದನ್ನೆಲ್ಲ ನೋಡಿ ಬಾಯಿ ಬಡಿದುಕೊಳ್ಳುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಬೇರೆಯೇ ಒಂದು ಮಾತು ಎತ್ತಿದಳು.

"ತಮ್ಮಾ, ಹೆಲಿಕಾಪ್ಟರ್‌ದಾಗ ನೀ ಒಬ್ಬನೇ ಇರ್ತೀಯೇನು?"

"ಇಲ್ಲವ್ವಾ. ಹಿಂದ ಮಂದಿ ಇರ್ತಾರ."

"ಮತ್ತ ಅವರ ಗತಿ? ಅವರಿಗಿ ಯಾರ್ ಕಲಸ್ತಾರ?"

ಕಂಪನಿಯವರು ಈ ವಿಷಯ ಮಾತಾಡಿರಲಿಲ್ಲ. ಬಂಡಮ್ಮ ಅಷ್ಟರಲ್ಲಿ ಸೆರಗು ಬಿಗಿದು ಪಂಜರದತ್ತ ನಡೆದಿದ್ದಳು. "ಮಂದಿ ಇಲ್ದ ಗಾಡಿ ಹೊಡ್ದು ಏನ್ ಕಲಿತಿ? ನಾ ಕುಂದರ್ತೀನಿ ಹಿಂದ."

ಎಷ್ಟು ಬೇಡವೆಂದರೂ ಅವಳು ಕೇಳಲಿಲ್ಲ. ಅವಳ ಸೊಂಟಕ್ಕೆ ಹಗ್ಗ ಕಟ್ಟಿದರು. ಮಾಣಿಕಪ್ಪ ಕಣ್ಣು ಮುಚ್ಚಿ ಶಿವಶಿವಾ ಎನ್ನತೊಡಗಿದ. ಕ್ರೇನ್ ಇಳಿಯಿತು, ಪಂಜರ ಮಗುಚಿತು, ನೀರು ಕಲಕಿತು, ಆಮೇಲೆ ತಿಳಿಯಾಯಿತು. ತಾಯಿ ಹಿಂದೆ ಇದ್ದಾಳೆಂಬ ಒಂದೇ ಕಾರಣಕ್ಕೆ ನಾಮದೇವ ಈ ಸಲ ಎಲ್ಲವನ್ನೂ ಸರಿಯಾದ ಕ್ರಮದಲ್ಲಿ ಮಾಡಿದ. ಅವನು ಕಿಟಕಿಯಿಂದ ಹೊರಬಂದು ತಾಯಿಯತ್ತ ತಿರುಗುವಷ್ಟರಲ್ಲಿ ಅವಳು ಮೇಲೆ ಬಂದು ಹಗ್ಗಕ್ಕೆ ಜೋತುಬಿದ್ದು ಕೆಮ್ಮುತ್ತಿದ್ದಳು. ಉಸಿರು ಹತ್ತಿದ ಮೇಲೆ ಅವಳು ಆಡಿದ ಮೊದಲ ಮಾತು ಊರೆಲ್ಲ ಹಬ್ಬಿತು.

"ಒಳಗ ಭಾಳ ತಣ್ಣಗದ."

ಮೇ ತಿಂಗಳು. ತಾಂಡೂರಿನ ಕಲ್ಲುಗಳು ಬೆಳಿಗ್ಗೆಯೇ ಕಾದು, ಚಪ್ಪಲಿ ಇಲ್ಲದವರು ಕುಣಿಯುತ್ತ ನಡೆಯುವ ಕಾಲ. ಮಾರನೆಯ ದಿನ ಖಣಿಯ ದಂಡೆಯಲ್ಲಿ ಪ್ಯಾಸೆಂಜರ್‌ಗಳ ಸಾಲು ನಿಂತಿತು. ಕುರ್ಚಿ ವಾಪಸು ಕೇಳಲು ಬಂದ ಕ್ಷೌರಿಕ ಹಿಂದಿನ ಸೀಟಿನಲ್ಲಿ ಕೂತು ಮುಳುಗಿ, ಕುರ್ಚಿಯ ಮಾತೇ ಮರೆತು ಹೋದ. ರೈಲ್ವೆ ಸ್ಟೇಷನ್ನಿನ ಹಮಾಲರು ಬಂದರು. ಜಹೀರಾಬಾದಿಗೆ ಹೊರಟಿದ್ದ ಮದುವೆಯ ದಿಬ್ಬಣವೊಂದು ಬಸ್ಸು ನಿಲ್ಲಿಸಿ, ಮದುಮಕ್ಕಳನ್ನು ಜೋಡಿಯಾಗಿ ಕೂರಿಸಿತು. ಮದುಮಗಳು ಮೊದಲು ಹೊರಗೆ ಬಂದಳು. ಬಾಸಿಂಗ ಸಿಕ್ಕಿಹಾಕಿಕೊಂಡು ತಡವಾದ ಮದುಮಗ ಬಸ್ಸಿನಲ್ಲಿ ಯಾರೊಡನೆಯೂ ಮಾತಾಡಲಿಲ್ಲವಂತೆ. ಕೂರುವ ಮೊದಲು ಪ್ರತಿಯೊಬ್ಬರೂ ನಾಮದೇವನ ಸೂಚನೆಗಳನ್ನು ಪೂರ್ತಿ ಕೇಳಬೇಕು, ಈಜು ಬಾರದವರು ಹಗ್ಗ ಕಟ್ಟಿಕೊಳ್ಳಬೇಕು, ನೀರಿನಲ್ಲಿ ಭೂದೇವಿ ಕಾಯುತ್ತಿರಬೇಕು ಎಂಬುದು ಕಟ್ಟುನಿಟ್ಟು. ಜೂನ್ ಬರುವ ಹೊತ್ತಿಗೆ, ಸಮುದ್ರವನ್ನು ಕಂಡೇ ಇರದ ಆ ಸೀಮೆಯಲ್ಲಿ, ಮಗುಚಿದ ಹೆಲಿಕಾಪ್ಟರಿನಿಂದ ಪಾರಾಗಲು ಬಾರದವರೇ ಕಡಿಮೆಯಾಗಿದ್ದರು.

ನಾಮದೇವ ಪರೀಕ್ಷೆಗೆಂದು ಮುಂಬಯಿಗೆ ಹೋದ. ಈಜುಕೊಳದಲ್ಲಿ ನೀರಿರಲಿಲ್ಲ.

ಆ ವರ್ಷ ಮುಂಬಯಿಗೆ ನೀರಿನ ಅಭಾವ. ಮಳೆ ಬರುವವರೆಗೆ ಈಜುಕೊಳ ತುಂಬಬಾರದೆಂದು ಆಜ್ಞೆಯಾಗಿತ್ತು. ಬಿಳಿ ಹಂಚಿನ ಒಣ ಗುಂಡಿಯ ಸುತ್ತ ಉಳಿದ ಪೈಲಟ್‌ಗಳು ಚಡ್ಡಿ ತೊಟ್ಟು ನಿಂತಿದ್ದರು. ಪರೀಕ್ಷೆಗೆ ಸಹಿ ಹಾಕಲು ದಿಲ್ಲಿಯಿಂದ ಬಂದಿದ್ದ ತಪಾಸಣಾಧಿಕಾರಿ ಕೊಡೆ ಹಿಡಿದು ಕೂತಿದ್ದ. ಕ್ಯಾಪ್ಟನ್ ಸಾಹೇಬ ಮೀಸೆ ತಿರುವಿ, ತಾರೀಖು ಮುಂದೂಡಲಾಗದೆಂದೂ, ನೀರು ಇದೆ ಎಂದುಕೊಂಡು ಮಾಡಿ ತೋರಿಸಬೇಕೆಂದೂ ಹೇಳಿದ. ಮೊದಲನೆಯವನನ್ನು ಕಂಪನಿ ಪರೀಕ್ಷೆಗೆಂದು ತರಿಸಿದ್ದ ಪಂಜರದಲ್ಲಿ ಕೂರಿಸಿ ಗಾಳಿಯಲ್ಲೇ ತಿರುಗಿಸಿದರು. ಅವನು ಪ್ರಾಮಾಣಿಕ ಮನುಷ್ಯ. ನಿಜಕ್ಕೂ ಉಸಿರು ಹಿಡಿದ. ಪಂಜರದ ಕೊಕ್ಕೆ ಸಿಕ್ಕಿಕೊಂಡು ತಡವಾದರೂ ಉಸಿರು ಬಿಡಲಿಲ್ಲ. ಇಳಿಸುವಷ್ಟರಲ್ಲಿ ಮೂರ್ಛೆ ಹೋಗಿದ್ದ. ಗಾಳಿಯಲ್ಲಿ ಮುಳುಗಿದವನಿಗೆ ಯಾವ ಚಿಕಿತ್ಸೆ ಕೊಡಬೇಕೆಂದು ಅಲ್ಲಿದ್ದ ವೈದ್ಯನಿಗೆ ಹೊಳೆಯದೆ, ಬೀಸಣಿಗೆ ತರಿಸಿದ.

"ಅಂದುಕೊಂಡ ನೀರಿಗೆ ನಾನು ಸಹಿ ಹಾಕಲಾರೆ," ಎಂದ ಅಧಿಕಾರಿ.

"ಸರ್, ಸಮುದ್ರ ಇಲ್ಲೇ ಇದೆಯಲ್ಲ?" ಎಂದು ನಾಮದೇವ ಕೇಳಿದ. ಗೋಡೆಯಾಚೆ ಅಲೆಗಳ ಸದ್ದು ಕೇಳುತ್ತಿತ್ತು.

ಕ್ಯಾಪ್ಟನ್ ಅವನನ್ನು ಕರುಣೆಯಿಂದ ನೋಡಿದ. "ವಿಮೆಯವರು ಒಪ್ಪುವುದಿಲ್ಲ. ಸಮುದ್ರ ಅಪಾಯ ಅಂತಾರೆ."

"ಹಾಗಾದರೆ ನಮ್ಮೂರಿನ ಕಡೆ ನೀರಿದೆ, ಸರ್. ಪಂಜರವೂ ಇದೆ."

ಹೀಗೆ ಸಮುದ್ರದ ಮೇಲೆ ಹಾರಬೇಕಾದ ಪೈಲಟ್‌ಗಳು, ಅವರ ಕ್ಯಾಪ್ಟನ್, ತಪಾಸಣಾಧಿಕಾರಿ, ಮೂರ್ಛೆಯಿಂದ ಎದ್ದವನು, ಎಲ್ಲರೂ ಮುಂಬಯಿಯ ಸಮುದ್ರಕ್ಕೆ ಬೆನ್ನು ಹಾಕಿ, ಹೈದರಾಬಾದಿನ ರೈಲು ಹತ್ತಿ ತಾಂಡೂರಿನಲ್ಲಿ ಇಳಿದರು. ಮಾಣಿಕಪ್ಪ ಸ್ಟೇಷನ್ನಿಗೆ ಬ್ಯಾಂಡ್ ಕಳಿಸಿದ್ದ. ಖಣಿಯ ದಂಡೆಯಲ್ಲಿ ಶಾಮಿಯಾನ, ಚಹಾ, ಮಿರ್ಚಿ ಭಜಿ, ಕೊಹೀರಿನ ಮಾವಿನಹಣ್ಣು. ಫ್ಯಾನಿನ ಜಾಗದಲ್ಲಿ ಹೊಸ ಫ್ಯಾನ್.

ಅಧಿಕಾರಿ ಪಂಜರವನ್ನು ಸುತ್ತು ಹಾಕಿ ನೋಡಿದ. ಬೆಲ್ಟು ಜಗ್ಗಿದ. ಫ್ಯಾನಿನ ಕೆಳಗೆ ನಿಂತು ಬಹಳ ಹೊತ್ತು ಮೇಲೆ ನೋಡಿದ. ಪರೀಕ್ಷೆ ಶುರುವಾಯಿತು. ಒಬ್ಬೊಬ್ಬ ಪೈಲಟ್ ಕೂತಾಗಲೂ ಹಿಂದೆ ಊರಿನವರು ಪ್ಯಾಸೆಂಜರ್‌ಗಳಾಗಿ ಕೂತರು. ನಾಮದೇವನ ಸರದಿಗೆ ಬಂಡಮ್ಮ. ಎಲ್ಲರೂ ಪಾಸಾದರು. ಆಗ ಅಧಿಕಾರಿ, ನಿಯಮದ ಪ್ರಕಾರ ಕ್ಯಾಪ್ಟನ್ನರೂ ಇದನ್ನು ಮಾಡಬೇಕಲ್ಲವೇ ಎಂದು ಮೆಲ್ಲಗೆ ಕೇಳಿದ.

ಕ್ಯಾಪ್ಟನ್ ಕೈಗಡಿಯಾರ ಬಿಚ್ಚಿ ಬಂಡಮ್ಮನ ಕೈಗೆ ಕೊಟ್ಟು ಒಳಗೆ ಕೂತ. ಪಂಜರ ಮಗುಚಿತು. ನೀರು ತಿಳಿಯಾಯಿತು. ಯಾರೂ ಮೇಲೆ ಬರಲಿಲ್ಲ. ಭೂದೇವಿ ಇನ್ನೇನು ಧುಮುಕಬೇಕು, ಅಷ್ಟರಲ್ಲಿ ಸಾಹೇಬನ ತಲೆ ನಿಧಾನವಾಗಿ ಮೇಲೆ ಬಂತು.

"ಏನಾತ್ರಿ ಸಾಹೇಬ್ರ?" ಎಂದು ಮಾಣಿಕಪ್ಪ ಕೂಗಿದ.

"ಏನೂ ಇಲ್ಲ. ಕೆಳಗೆ ಟೆಲಿಫೋನ್ ಇಲ್ಲ," ಎಂದ ಕ್ಯಾಪ್ಟನ್. ಅವನ ಮುಖದಲ್ಲಿ ಅಪಾರ ಶಾಂತಿ ಇತ್ತು. ಇನ್ನೊಂದು ಸಲ ಇಳಿಸಿರೆಂದು ಕೇಳಿಕೊಂಡ.

ಅಂದು ಮಧ್ಯಾಹ್ನ ಶಾಮಿಯಾನದ ಕೆಳಗೆ ಕ್ಯಾಪ್ಟನ್ ನಾಮದೇವನ ಕೈಕುಲುಕಿ ನೌಕರಿ ಕೊಟ್ಟ. ಕಂಪನಿ ಮಾಣಿಕಪ್ಪನ ಖಣಿಯನ್ನು ವರ್ಷಪೂರ್ತಿ ಬಾಡಿಗೆಗೆ ಹಿಡಿಯುವುದು, ನಾಮದೇವ ಅದರ ಮುಖ್ಯ ತರಬೇತುದಾರ, ಇರುವುದು ತಾಂಡೂರಿನಲ್ಲೇ. ಜನ ಚಪ್ಪಾಳೆ ತಟ್ಟಿದರು. ಬ್ಯಾಂಡ್ ಮತ್ತೆ ಶುರುವಾಯಿತು. ಮಗ ಮನೆಯಲ್ಲೇ ಉಳಿಯುತ್ತಾನೆಂದು ಬಂಡಮ್ಮ ಪೇಡೆ ತರಿಸಲು ಆಳು ಓಡಿಸಿದಳು.

ನಾಮದೇವ ನಗಲು ನೋಡಿದ, ಆಗಲಿಲ್ಲ. "ಸರ್, ನಾನು ಯಾವಾಗ ಹಾರಿಸೋದು?"

"ಹಾರಿಸುವವರು ಬೇಕಾದಷ್ಟು ಸಿಗುತ್ತಾರೆ. ಇಷ್ಟು ಚೆನ್ನಾಗಿ ಮುಳುಗಿಸುವವರು ಸಿಗಲ್ಲ," ಎಂದ ಕ್ಯಾಪ್ಟನ್.

ಸಂಜೆ ಮನೆಯಲ್ಲಿ ಅವನು ಊಟ ಮಾಡಲಿಲ್ಲ. ಅಂಗಳದಲ್ಲಿ ಮಂಚದ ಮೇಲೆ ಕೂತು, "ನಾ ಪೈಲಟ್ ಇದೀನಿ ಭೂದೇವಿ. ನನ್ನ ಹಿಡ್ದು ಹೊಂಡದ ಕಾವಲಿಗಿ ಕುಂದರ್ಸ್ಯಾರ," ಎಂದ.

ಭೂದೇವಿ ತಾಟು ಕೆಳಗಿಟ್ಟಳು. "ಒಂದ್ ಮಾತು ಹೇಳಲೇನ್ರಿ? ನೀವು ಹತ್ತು ವರ್ಷ ಗುಡ್ಡದ ಮ್ಯಾಲ ಇದ್ರಿ. ನಾ ಇಲ್ಲಿ ಕೊಡ ಹೊತ್ತೆ. ಈ ತಿಂಗಳು ನೀರಿಗಿಳಿದ ಮ್ಯಾಲ ನಂಗ ಮತ್ತ ಮನಿಕೆಲಸದಾಗ ಮನಸ್ಸು ಹತ್ತವಲ್ಲದು."

"ಅದ್ಕೆ?"

"ಆ ಕೆಲಸ ನಂದು. ನಿಮಗ ಕಲಿಸ್ದಕಿ ನಾ. ತಪ್ಪಿ ನಿಮಗ ಕೊಟ್ಟಾರ."

ಹಾಗೊಂದು ಆಸೆ ಅವಳಿಗಿದ್ದೀತೆಂದು ನಾಮದೇವನಿಗೆ ಹೊಳೆದಿರಲಿಲ್ಲ. ಅವನು ತಾಟು ಎಳೆದುಕೊಂಡು ಊಟ ಮಾಡಿದ.

ಬೆಳಿಗ್ಗೆ ರೈಲು ಹೊರಡುವ ಮುಂಚೆ ಪ್ಲಾಟ್‌ಫಾರ್ಮಿನಲ್ಲಿ ಭೂದೇವಿ ತನಗೆ ಬರುವ ಹಿಂದಿಯಲ್ಲಿ ಕ್ಯಾಪ್ಟನ್ನನಿಗೆ ಇದನ್ನೇ ಹೇಳಿದಳು. ಕ್ಯಾಪ್ಟನ್ ಕಕ್ಕಾಬಿಕ್ಕಿಯಾಗಿ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಯೋಚಿಸಿ, ತರಬೇತಿ ಕೊಡುವವರು ಪರೀಕ್ಷೆಯಲ್ಲಿ ಪಾಸಾಗಿರಬೇಕೆಂದು ನಿಯಮವಿದೆ, ಗಂಡಸಾಗಿರಬೇಕೆಂದು ಎಲ್ಲೂ ಇಲ್ಲ, ಹೆಲಿಕಾಪ್ಟರ್ ಹಾರಿಸಲು ಬರಬೇಕೆಂದೂ ಇಲ್ಲ ಎಂದ. ಆ ಕೊನೆಯ ಅಂಶ ಅವನಿಗೇ ಆಗ ಹೊಳೆದದ್ದು. ಸ್ವಲ್ಪ ಚಿಂತೆಯೂ ಆಯಿತು.

"ಪರೀಕ್ಷೆ ಈಗೇ ತಗೋರಿ," ಎಂದಳು ಭೂದೇವಿ.

ಬಂಡಮ್ಮ ಅಡ್ಡ ಬಂದಳು. "ಸೊಸಿ ನೌಕರಿ ಮಾಡಾಕ ಹೋದ್ರ ಮನಿ ಯಾರ್ ನೋಡ್ತಾರ?"

"ಅತ್ತಿ, ನಿಮ್ಮನ್ನ ಬಿಟ್ಟು ಹಿಂದ ಯಾರನ್ನ ಕುಂದರ್ಸಲಿ? ನಿಮಗೂ ಕೆಲಸ ಅದ."

ಬಂಡಮ್ಮ "ದಿನಾ ಮುಳಗಬೇಕೇನು?" ಎಂದು ಕೇಳಿದಳು. ಆ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ.

ಕ್ಯಾಪ್ಟನ್ನನನ್ನೂ ಅಧಿಕಾರಿಯನ್ನೂ ಬಿಟ್ಟೇ ರೈಲು ಹೋಯಿತು. ಎಲ್ಲರೂ ಖಣಿಗೆ ಹಿಂದಿರುಗಿದರು. ಒಂಬತ್ತು ಗಜದ ಸೀರೆಯ ಕಚ್ಚೆ ಬಿಗಿದು ಭೂದೇವಿ ಕ್ಷೌರಿಕನ ಕುರ್ಚಿಯಲ್ಲಿ ಕೂತು ಮುಳುಗಿ, ಮೇಲೆ ಬಂದು, ಒಳಗೆ ಒಂದು ತಿರುಪು ಸಡಿಲಾಗಿದೆ ಎಂದು ವೆಲ್ಡರನಿಗೆ ಹೇಳಿದಳು. ಹೀಗೆ ಆ ಮನೆಯಲ್ಲಿ ತಾನು ಬಯಸಿದ ನೌಕರಿ ಮೊದಲು ಸಿಕ್ಕಿದ್ದು ಅವಳಿಗೆ. ನಾಮದೇವನಿಗೆ ಪೈಲಟ್ ಎಂದು ಸಿಕ್ಕಿದ್ದು ಆಮೇಲೆ, ಚಹಾ ಕುಡಿಯುವಾಗ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಮುಂಬಯಿಯಿಂದ ಮೊದಲ ಸಲ ಸಮುದ್ರದ ಮೇಲೆ ಹಾರಿದ. ಎಡಗಡೆ ಹಳಬನೊಬ್ಬ ಪೈಲಟ್ ಕೂತಿದ್ದ. ಹಿಂದೆ ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಕೆಲಸಗಾರರು ಹಾರುವ ಮೊದಲೇ ನಿದ್ದೆಗೆ ಜಾರಿದ್ದರು. ದಂಡೆ ಹಿಂದೆ ಸರಿದು ಸಣ್ಣದಾಗಿ, ಆಮೇಲೆ ಇಲ್ಲವಾಯಿತು. ಎಲ್ಲಿ ನೋಡಿದರೂ ಇಳಿಯಲು ಒಂದು ಗೇಣು ನೆಲವಿಲ್ಲ. ಗುರುತು ಹಿಡಿಯಲು ಗುಡ್ಡವಿಲ್ಲ, ರಸ್ತೆಯಿಲ್ಲ, ಹಳ್ಳಿಯ ಹೊಗೆಯಿಲ್ಲ. ನಾಮದೇವ ಎದುರಿನ ಫಲಕದ ಮಾಪಕಗಳ ಮುಳ್ಳುಗಳನ್ನೇ ನೋಡುತ್ತ ಹಾರಿದ. ಬಹಳ ಹೊತ್ತಿನ ಮೇಲೆ ಮಂಜಿನಾಚೆ ಕಬ್ಬಿಣದ ಅಟ್ಟವೊಂದು ಕಂಡಿತು. ಒಕ್ಕಲು ಕಣದಷ್ಟು ಜಾಗ, ನಡುವೆ ಬಿಳಿ ಬಣ್ಣದ ವೃತ್ತ. ಗಾಳಿ ಪಕ್ಕದಿಂದ ತಳ್ಳುತ್ತಿತ್ತು. ಹಳಬ ಸಹಾಯಕ್ಕೆ ಕೈ ಮುಂದೆ ತರಲಿಲ್ಲ. ನಾಮದೇವ ವೃತ್ತದ ನಡುವೆ ಇಳಿಸಿದ. ಗಾಲಿಗಳು ಮುಟ್ಟಿದ್ದು ಅವನಿಗೂ ಸರಿಯಾಗಿ ತಿಳಿಯಲಿಲ್ಲ.

ಅಟ್ಟದ ಮೇಲಿದ್ದ ಜನ ತಲೆ ಬಗ್ಗಿಸಿ ಓಡಿ ಬಂದರು. ಅವರಲ್ಲೊಬ್ಬನಾದರೂ ಪೈಲಟ್ ಕಡೆ ನೋಡಲಿಲ್ಲ. ನೇರ ಹಿಂದಿನ ಬಾಗಿಲಿಗೆ ಹೋಗಿ ತರಕಾರಿ ಚೀಲಗಳನ್ನು ಇಳಿಸಿಕೊಂಡರು. ಬಿಳಿ ಟೋಪಿಯ ಅಡುಗೆಯವನು ಒಂದು ಚೀಲ ಬಿಚ್ಚಿ, ಮೂಗು ಹತ್ತಿರ ತಂದು, ಕಿಟಕಿಗೆ ಬಡಿದ.

"ಕೊತ್ತಂಬರಿ ಎಲ್ಲಿ?" ಎಂದು ಹಿಂದಿಯಲ್ಲಿ ಕೂಗಿದ.

"ಗೊತ್ತಿಲ್ಲ. ನಾನು ಇವತ್ತೇ ಸೇರಿದ್ದು," ಎಂದ ನಾಮದೇವ.

"ಇವತ್ತು ಸೇರಿದರೇನು? ನಾಳೆ ತಗೊಂಡು ಬಾ."

ನಾಮದೇವ ತಲೆಯಾಡಿಸಿದ. ಹಿಂದೆ ಮನೆಗೆ ಹೋಗುವ ಕೆಲಸಗಾರರು ತಮ್ಮ ತಮ್ಮ ಗಂಟುಗಳೊಂದಿಗೆ ಹತ್ತಿ, ಜಾಗಕ್ಕಾಗಿ ಜಗಳವಾಡಿ, ಬೆಲ್ಟು ಹಾಕಿಕೊಂಡರು. ನಾಳೆಯೂ ಹಾರಿಸುವುದಿದೆಯೆಂದು ನಾಮದೇವನಿಗೆ ತುಂಬ ಖುಷಿಯಾಗಿತ್ತು.